ಅಪ್ಪನ ಜೊತೆ ಕಲ್ಲು ನೋಡುತ್ತಾ: ಬ್ರಿಟನ್ ರಸ್ತೆಗಳಲ್ಲಿ ಹನ್ನೊಂದು ದಿನ

ಅಪ್ಪ ಯಾವ ಊರಿಗೆ ಹೋದರೂ ಮೊದಲು ನೆಲ ನೋಡುತ್ತಾರೆ. ಮದುವೆ ಮನೆ ಇರಲಿ, ಆಸ್ಪತ್ರೆ ಇರಲಿ, ಹಾಸಿದ ಕಲ್ಲು ಯಾವುದು, ಎಲ್ಲಿಯದು, ಸಂದು ಸರಿಯಾಗಿ ಕೂತಿದೆಯಾ ಅಂತ ನೋಡಿದ ಮೇಲೇ ತಲೆ ಎತ್ತುವುದು. ಶಹಾಬಾದಿನಲ್ಲಿ ನಲವತ್ತು ವರ್ಷ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರ ಮಾಡಿದವರು. ಖಣಿಯಲ್ಲಿ ಪದರು ಪದರಾಗಿ ಎಬ್ಬಿಸಿದ ಕಲ್ಲನ್ನು ಅಳತೆಗೆ ಕಡಿಸಿ, ಪಾಲಿಶ್ ಹೊಡೆಸಿ, ಲಾರಿ ತುಂಬಿಸಿ ಕಳಿಸುತ್ತಿದ್ದರು. ಈಗ 74 ವಯಸ್ಸು. ವ್ಯಾಪಾರ ಬಿಟ್ಟು ಕಲಬುರಗಿಯಲ್ಲಿ ನನ್ನ ಜೊತೆ ಇದ್ದಾರೆ. ಕಣ್ಣು ಮಾತ್ರ ಇನ್ನೂ ಕಲ್ಲಿನ ಮೇಲೇ.

ತಮ್ಮ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಹೋದ ವರ್ಷ ಮೇ ತಿಂಗಳಲ್ಲಿ ಫೋನ್ ಮಾಡಿ, "ಅಕ್ಕಾ, ಈ ಸಲ ಅಪ್ಪನ್ನ ಕರ್ಕೊಂಡು ಬಾ. ಕಾರಿನ್ಯಾಗ ಎಲ್ಲಾ ಕಡೆ ತಿರುಗೋಣು" ಅಂದ. ಇಲ್ಲಿ ಬಿಸಿಲು 43 ಡಿಗ್ರಿ. ಅಲ್ಲಿ ಇಳಿದ ದಿನ 12 ಡಿಗ್ರಿ, ಸಣ್ಣ ಮಳೆ. ಅಪ್ಪ ಶಾಲು ಹೊದ್ದುಕೊಂಡು ವಿಮಾನ ನಿಲ್ದಾಣದ ನೆಲ ನೋಡುತ್ತಾ ನಿಂತಿದ್ದರು.

ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಮಾತು. ಯಾವ ಜಾಗ ಚಂದ ಇತ್ತು? ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಲಂಡನ್ ಬಗ್ಗೆ ಬರೆಯುವುದಿಲ್ಲ. ನಮಗೆ ಹಿಡಿಸಿದ್ದು ಕಲ್ಲಿನ ಊರುಗಳು. ಅಲ್ಲಿ ಕಾರಿನಲ್ಲಿ ಸುತ್ತುವವರಿಗೆ ನಾನು ಹೇಳುವುದು ಇಷ್ಟೇ: ದಾರಿಯ ಪಕ್ಕದ ಮನೆಗಳ ಗೋಡೆ ನೋಡುತ್ತಾ ಹೋಗಿ. ಗಂಟೆ ಎರಡು ಗಂಟೆಗೊಮ್ಮೆ ಗೋಡೆಯ ಬಣ್ಣ ಬದಲಾಗುತ್ತದೆ. ಲೀಡ್ಸ್ ಸುತ್ತ ಹಳೇ ಗಿರಣಿಗಳ ಹೊಗೆ ಕುಡಿದು ಕಪ್ಪಾದ ಮರಳುಗಲ್ಲು. ಅಲ್ಲಿಂದ ಉತ್ತರಕ್ಕೆ ಹೋದರೆ ಬೂದು ಬಿಳುಪಿನ ಸುಣ್ಣದ ಕಲ್ಲು. ಇನ್ನೂ ಮುಂದೆ ಹಸಿರು ಛಾಯೆಯ ಸ್ಲೇಟು. ದಕ್ಷಿಣದ ಕಾಟ್ಸ್‌ವೋಲ್ಡ್ಸ್ ಹಳ್ಳಿಗಳಲ್ಲಿ ಜೇನಿನ ಬಣ್ಣ. ಮೊದಲೆಲ್ಲ ಕಾಲ ಕೆಳಗೆ ಸಿಕ್ಕ ಕಲ್ಲಿನಿಂದಲೇ ಮನೆ ಕಟ್ಟುತ್ತಿದ್ದರಲ್ಲ, ಅದಕ್ಕೆ. ನಮ್ಮ ಕಡೆಯೂ ಹಾಗೇ ಅಲ್ವಾ? ಬೀದರ ಕೋಟೆ ಕೆಂಪು, ಶಹಾಬಾದ್ ಚಿತ್ತಾಪುರದ ಮನೆ ಬೂದು, ಯಾದಗಿರಿ ದಾಟಿದರೆ ಗುಂಡುಗಲ್ಲಿನ ಬೆಟ್ಟ. ಇಷ್ಟು ವರ್ಷ ಓಡಾಡಿದ್ದೇನೆ, ಇದು ನನ್ನ ತಲೆಗೆ ಬಂದದ್ದು ಅಲ್ಲಿ ಹೋದ ಮೇಲೆ.

ಮೊದಲು ಹೋಗಿದ್ದು ಯಾರ್ಕ್‌ಶೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದ ಮಾಲ್ಹಮ್ ಅನ್ನುವ ಹಳ್ಳಿಗೆ. ಹನ್ನೊಂದು ದಿನದಲ್ಲಿ ಒಂದೇ ಜಾಗ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಲೀಡ್ಸ್‌ನಿಂದ ಒಂದೂವರೆ ಗಂಟೆ. ಕಾರು ನಿಲ್ಲಿಸಿ ಹಳ್ಳದ ದಂಡೆ ಹಿಡಿದು ಅರ್ಧ ಗಂಟೆ ನಡೆದರೆ ಎದುರಿಗೆ ಮಾಲ್ಹಮ್ ಕೋವ್. ಬಿಳಿ ಸುಣ್ಣದ ಕಲ್ಲಿನ ಗೋಡೆ, ಸುಮಾರು 80 ಮೀಟರ್ ಎತ್ತರ, ಮೊರದ ಹಾಗೆ ಒಳಗೆ ಬಾಗಿದೆ. ಹಿಮಯುಗದ ಹಿಮ ಕರಗುವಾಗ ಇಲ್ಲಿ ದೊಡ್ಡ ಜಲಪಾತ ಧುಮುಕುತ್ತಿತ್ತಂತೆ. ಈಗ ನೀರು ಮೇಲೆಯೇ ಕಲ್ಲಿನೊಳಗೆ ಇಂಗಿ, ಬುಡದಲ್ಲಿ ಸದ್ದಿಲ್ಲದೆ ಹಳ್ಳವಾಗಿ ಹೊರಡುತ್ತದೆ. 2015ರ ಡಿಸೆಂಬರ್‌ನಲ್ಲಿ ಬಿರುಗಾಳಿ ಮಳೆ ಬಂದಾಗ ಸ್ವಲ್ಪ ಹೊತ್ತು ಮೇಲಿಂದ ಮತ್ತೆ ನೀರು ಬಿತ್ತು. ಅದಕ್ಕೆ ಮೊದಲು ಆ ನೀರನ್ನು ನೋಡಿದವರು ಯಾರೂ ಬದುಕಿರಲಿಲ್ಲ.

ಪಕ್ಕದಲ್ಲಿ ಸುಮಾರು 400 ಮೆಟ್ಟಿಲು. ಅಪ್ಪನಿಗೆ ಮೊಣಕಾಲು ನೋವು, ಕೆಳಗೇ ಕೂತಿರಿ ಅಂದೆವು. ಕೇಳಲಿಲ್ಲ. ಕೂತು ಎದ್ದು ಮುಕ್ಕಾಲು ಗಂಟೆಯಲ್ಲಿ ಹತ್ತಿದರು. ಮೇಲೆ ಏನಿದೆ ಅಂತ ತಮ್ಮ ಬೇಕಂತಲೇ ಹೇಳಿರಲಿಲ್ಲ.

ಮೇಲೆ ಬರೀ ಕಲ್ಲಿನ ಹಾಸು. ಗುಡ್ಡದ ನೆತ್ತಿಯ ಉದ್ದಕ್ಕೂ ಬೂದು ಬಣ್ಣದ ಚಪ್ಪಡಿಗಳು, ನಡುವೆ ಆಳವಾದ ಸಂದು. ಯಾರೋ ಪರ್ಸಿ ಹಾಸಿ ಸಂದಿಗೆ ಸಿಮೆಂಟ್ ಹಾಕದೆ ಹೊರಟು ಹೋದ ಹಾಗೆ. ಅಪ್ಪ ಮಾತಾಡಲಿಲ್ಲ. ಮೆಲ್ಲಗೆ ಕೂತರು. ಅಂಗೈ ಊರಿ ಕಲ್ಲಿನ ಮೈ ಸವರಿದರು. ಆಮೇಲೆ ಬೆರಳಿನ ಉಂಗುರದಿಂದ ಟಕ್ ಟಕ್ ಅಂತ ಬಡಿದು ಕಿವಿ ಕೊಟ್ಟರು. ಪರ್ಸಿ ವ್ಯಾಪಾರದಲ್ಲಿ ಇದು ದಿನಾ ಮಾಡುವ ಕೆಲಸ. ಒಳ್ಳೇ ಕಲ್ಲು ಕಂಚಿನ ಹಾಗೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಬೊದ್ದು ಸದ್ದು. ಇಲ್ಲಿ ಒಂದು ಠಣ್ ಅಂದಿತು, ಪಕ್ಕದ್ದು ಬೊದ್ದು ಅಂದಿತು.

"ಸುಣ್ಣದ ಕಲ್ಲೇ ಅದ. ನಮ್ಮದರ ಹಂಗ ಪದರು ಬಿಡಂಗಿಲ್ಲ ಇದು" ಅಂದರು. ಆಮೇಲೆ ನನ್ನನ್ನು ಕರೆದು, "ಇಲ್ಲಿ ನೋಡವ್ವಾ" ಅಂತ ತೋರಿಸಿದರು. ಕಲ್ಲಿನ ಮೈಯಲ್ಲಿ ಕಡಲೆ ಬೇಳೆಯಷ್ಟು ಸಣ್ಣ ಉಂಗುರಗಳು, ಪಕ್ಕದಲ್ಲಿ ಚಿಪ್ಪಿನ ಅಂಚು. ಸಮುದ್ರದ ಜೀವಿಗಳು. 30 ಕೋಟಿ ವರ್ಷಕ್ಕೂ ಹಿಂದೆ ಆ ಜಾಗ ಬೆಚ್ಚನೆಯ ಸಮುದ್ರವಾಗಿತ್ತು. ಚಿಪ್ಪುಗಳು ತಳಕ್ಕೆ ಬಿದ್ದು ಬಿದ್ದು ಈ ಕಲ್ಲಾಗಿದೆ. ಅಪ್ಪ ನಲವತ್ತು ವರ್ಷ ಕಲ್ಲು ಕಡಿಸಿದ್ದಾರೆ, ಒಂದರಲ್ಲೂ ಚಿಪ್ಪು ನೋಡಿಲ್ಲ. ಯಾಕೆ ಅಂತ ತಮ್ಮ ಹೇಳಿದ. ನಮ್ಮ ಭೀಮಾ ತೀರದ ಸುಣ್ಣದ ಕಲ್ಲೂ ಸಮುದ್ರದ ತಳವೇ, ಆದರೆ ಅದು ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಮೊದಲಿನದು. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತರು. "ಹಂಗಾದ್ರ ನಮ್ಮದು ಹಿರೇದು" ಅಂದರು. ಆ ಮುಖದಲ್ಲಿ ಎಷ್ಟು ಸಂತೋಷ ಇತ್ತು ಅಂದರೆ, ಟಿಕೆಟ್ಟಿನ ದುಡ್ಡು ಅಲ್ಲಿಗೇ ಬಂತು ಅನ್ನಿಸಿತು ನನಗೆ.

ಸಂದುಗಳೊಳಗೆ ಬಗ್ಗಿ ನೋಡಿದರೆ ಜರೀಗಿಡಗಳು ಬೆಳೆದಿವೆ. ಮೇಲೆ ಗಾಳಿ, ಕುರಿಗಳ ಕಾಟ. ಒಳಗೆ ನೆರಳು, ತೇವ. ಮೊದಲು ಈ ಚಪ್ಪಡಿಗಳನ್ನು ಕಿತ್ತು ಮನೆಯ ತೋಟಕ್ಕೆ ಅಲಂಕಾರ ಅಂತ ಮಾರುತ್ತಿದ್ದರಂತೆ. 1981ರ ಕಾಯ್ದೆಯ ಮೇಲೆ ಅದನ್ನು ತಡೆದರು. ನಾವು ಅಲ್ಲೇ ಕೂತು ಊರಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಲ್ಲಿ ಕೊಂಡ ಮೊಸರು ತಿಂದೆವು. ಗಾಳಿಗೆ ರೊಟ್ಟಿ ಹಾರಿ ಹೋಗದಂತೆ ಅಪ್ಪ ಕೈಯಡಿಯಲ್ಲಿ ಹಿಡಿದಿದ್ದರು.

ಡೇಲ್ಸ್‌ನಲ್ಲಿ ಇನ್ನೊಂದು ನೋಡಬೇಕಾದದ್ದು ಹೊಲದ ಗೋಡೆಗಳು. ಗಾರೆ ಇಲ್ಲ, ಮಣ್ಣಿಲ್ಲ. ಕಲ್ಲಿನ ಮೇಲೆ ಕಲ್ಲು ಅಷ್ಟೇ. ಆ ರಾಷ್ಟ್ರೀಯ ಉದ್ಯಾನದೊಳಗೇ 8,000 ಕಿಲೋಮೀಟರ್‌ಗಿಂತ ಜಾಸ್ತಿ ಇಂಥ ಗೋಡೆ ಇದೆ. ಒಂದು ಕಡೆ ಬಿದ್ದ ಗೋಡೆಯನ್ನು ಒಬ್ಬ ಹಿರಿಯರು ಕಟ್ಟುತ್ತಿದ್ದರು. ಅಪ್ಪ ಕಾರು ನಿಲ್ಲಿಸು ಅಂದರು. ಗೋಡೆ ಹೊರಗಿನಿಂದ ಒಂದೇ ಅನ್ನಿಸಿದರೂ ಒಳಗೆ ಎರಡು. ನಡುವೆ ಚೂರು ಕಲ್ಲಿನ ತುಂಬು. ಅಲ್ಲಲ್ಲಿ ಎರಡೂ ಗೋಡೆ ಹಿಡಿದಿಡುವ ಉದ್ದ ಕಲ್ಲು. ನೆತ್ತಿಗೆ ನೆಟ್ಟಗೆ ನಿಲ್ಲಿಸಿದ ಸಾಲು. ಕೈಗೆತ್ತಿಕೊಂಡ ಕಲ್ಲನ್ನು ಕೆಳಗಿಡಬಾರದು, ಅದಕ್ಕೊಂದು ಜಾಗ ಹುಡುಕಲೇಬೇಕು ಅಂತ ಅವರ ರೂಢಿ. ಅಪ್ಪನಿಗೆ ಅದು ಒಪ್ಪಿಗೆ ಆಗಲಿಲ್ಲ. "ಬಡಿದು ನೋಡಿ, ಬ್ಯಾಡಾದದ್ದು ಬಿಡಬೇಕು" ಅಂದರು. ತಮ್ಮ ಇಬ್ಬರ ಮಾತನ್ನೂ ಅತ್ತ ಇತ್ತ ಹೇಳುತ್ತಿದ್ದ. ಇಪ್ಪತ್ತು ನಿಮಿಷ ಹೀಗೇ ವಾದ ನಡೆಯಿತು. ಹೊರಡುವಾಗ ಆ ಹಿರಿಯರು ಕೈಗವಸು ತೆಗೆದು ಅಪ್ಪನ ಕೈ ಹಿಡಿದು ಕುಲುಕಿದರು.

ಸಂಜೆ ರಿಬಲ್‌ಹೆಡ್ ಸೇತುವೆ. ಬಯಲಿನ ನಡುವೆ 24 ಕಮಾನು, ಮೇಲೆ ರೈಲು ಹಳಿ. 1870ರಿಂದ 1874ರವರೆಗೆ ಕಟ್ಟಿದ್ದು. ಆ ಬಯಲಲ್ಲೇ ಗುಡಿಸಲು ಹಾಕಿಕೊಂಡಿದ್ದ ಕೂಲಿಯವರು ಎಷ್ಟೋ ಮಂದಿ ಸತ್ತು ಹತ್ತಿರದ ಚರ್ಚಿನ ಅಂಗಳದಲ್ಲಿ ಮಣ್ಣಾಗಿದ್ದಾರೆ. ಮುಂಬೈ ಕಡೆಯಿಂದ ಶಹಾಬಾದ್, ವಾಡಿ ಮೇಲೆ ಬಂದ ಹಳಿ ರಾಯಚೂರಲ್ಲಿ ಮದ್ರಾಸಿನ ಹಳಿಗೆ ಕೂಡಿದ್ದು 1871ರಲ್ಲಿ. ಅಂದರೆ ಎರಡೂ ಒಂದೇ ಕಾಲದ ಕೆಲಸ. ನಮ್ಮ ಹಳಿ ಹಾಕಿದ ಕೂಲಿಯವರ ಹೆಸರು ಎಲ್ಲಾದರೂ ಬರೆದಿದ್ದಾರಾ ಅಂತ ಅಪ್ಪ ಕೇಳಿದರು. ನಾನು ಅಂಥದ್ದು ಎಲ್ಲೂ ನೋಡಿಲ್ಲ.

ಈ ನಡುವೆ ಗಾಡಿ ಓಡಿಸುವವರಿಗೆ ಎರಡು ಮಾತು. ಅಲ್ಲೂ ಎಡಗಡೆಯೇ ಓಡಿಸುವುದು, ಹಾಗಾಗಿ ಹೆದರಬೇಡಿ. ಪ್ರವಾಸಕ್ಕೆ ಹೋದವರು ನಮ್ಮ ಲೈಸೆನ್ಸ್ ಮೇಲೆ 12 ತಿಂಗಳವರೆಗೆ ಕಾರು ಓಡಿಸಬಹುದು, ಆದರೆ ಕಾರಿನ ವಿಮೆ ನಿಮಗೂ ಅನ್ವಯಿಸಬೇಕು. ಫಲಕದಲ್ಲಿರುವುದು ಮೈಲಿ ಲೆಕ್ಕ: ಮೋಟಾರ್‌ವೇಯಲ್ಲಿ 70 ಅಂದರೆ ನಮ್ಮ 112 ಕಿಲೋಮೀಟರ್. ವೃತ್ತ ಬಂದಾಗ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಹಾರ್ನ್ ಮುಟ್ಟುವ ಕೆಲಸವೇ ಇಲ್ಲ. ಮೇ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ಆದರೂ ಬೆಳಕು ಇರುತ್ತದೆ. ಅವಸರ ಮಾಡದೆ ಓಡಿಸಬಹುದು.

ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಎಲ್ಲರೂ ವಿಂಡರ್‌ಮಿಯರ್ ಕೆರೆಗೆ ಹೋಗುತ್ತಾರೆ. ಇಂಗ್ಲೆಂಡಿನ ಅತೀ ದೊಡ್ಡ ಕೆರೆ, ಚಂದವೇ, ಆದರೆ ಜಾತ್ರೆಯಷ್ಟು ಜನ. ನೀವು ಇನ್ನೂ ಉತ್ತರಕ್ಕೆ ಕೆಸ್ವಿಕ್ ಕಡೆ ಹೋಗಿ. ಅಲ್ಲಿಂದ ಬಾರೋಡೇಲ್ ಕಣಿವೆ ಹಿಡಿದು ಹಾನಿಸ್ಟರ್ ಘಾಟ್ ಹತ್ತಿ. ರಸ್ತೆ ಎಷ್ಟು ಕಡಿದು ಅಂದರೆ ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಘಾಟಿನ ನೆತ್ತಿಯಲ್ಲಿ ಇನ್ನೂ ಕೆಲಸ ನಡೆಯುವ ಸ್ಲೇಟ್ ಗಣಿ ಇದೆ. ಹಸಿರು ಕಲ್ಲಿಗೆ ಚಾಣ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಏಟು ಕೊಟ್ಟರೆ ಪುಸ್ತಕದ ಹಾಳೆ ಬಿಡಿಸಿದ ಹಾಗೆ ಬಿಡುತ್ತದೆ. ಅಪ್ಪ ಅಲ್ಲಿಂದ ಎದ್ದು ಬರಲೇ ಒಪ್ಪಲಿಲ್ಲ. ಘಾಟಿನ ಆಚೆ ಇಳಿದರೆ ಬಟರ್‌ಮಿಯರ್ ಕೆರೆ. ಗಾಳಿ ನಿಂತ ಹೊತ್ತಿನಲ್ಲಿ ಬೆಟ್ಟ ಪೂರ್ತಿ ನೀರಿನಲ್ಲಿ ಕಾಣುತ್ತದೆ.

ಕೆಸ್ವಿಕ್ ಪಕ್ಕದಲ್ಲೇ ಕಾಸಲ್‌ರಿಗ್ ಅನ್ನುವ ಕಲ್ಲಿನ ವೃತ್ತ. ಹುಲ್ಲುಗಾವಲಲ್ಲಿ ಸುಮಾರು 40 ಕಲ್ಲು, ಸುತ್ತಲೂ ಬೆಟ್ಟ. ನಾಲ್ಕೂವರೆ ಐದು ಸಾವಿರ ವರ್ಷ ಹಳೆಯದು. ಟಿಕೆಟ್ ಇಲ್ಲ, ಹಗ್ಗ ಕಟ್ಟಿಲ್ಲ. ಕಲ್ಲಿಗೆ ಬೆನ್ನು ಕೊಟ್ಟು ಕುರಿ ಮಲಗಿರುತ್ತವೆ. ಸ್ಟೋನ್‌ಹೆಂಜ್‌ಗೆ ನಾನು ಹಿಂದೊಮ್ಮೆ ಹೋಗಿದ್ದೆ. ದೊಡ್ಡದು, ನಿಜ, ಆದರೆ ದೂರದಿಂದ ನೋಡಿ ಬರಬೇಕು. ಕಾಸಲ್‌ರಿಗ್‌ನಲ್ಲಿ ಕಲ್ಲನ್ನು ಮುಟ್ಟಬಹುದು. ಆ ವ್ಯತ್ಯಾಸ ತುಂಬಾ ದೊಡ್ಡದು.

ಅಲ್ಲಿ ನಿಂತಾಗ ನನಗೆ ಸುರಪುರದ ಮೆಡೋಸ್ ಟೇಲರ್ ನೆನಪಾದರು. ಅವರು ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. ಸುರಪುರ ಸಂಸ್ಥಾನಕ್ಕೆ ಅಧಿಕಾರಿಯಾಗಿ ಬಂದರು. ಅಲ್ಲಿನ ಎಳೆಯ ರಾಜ ವೆಂಕಟಪ್ಪ ನಾಯಕ ಅವರನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ. ಅವರ ಬಂಗಲೆ, ಟೇಲರ್ ಮಂಜಿಲ್, ಇವತ್ತಿಗೂ ಗುಡ್ಡದ ಮೇಲಿದೆ. ಸುರಪುರ ಸೀಮೆಯ ಹಳೇ ಕಲ್ಲುಗೋರಿ, ಕಲ್ಲುಸಾಲುಗಳನ್ನು ಅಳೆದು ಬರೆದು, ಇವು ತಮ್ಮ ದೇಶದ ಕಲ್ಲುಗಳನ್ನು ಹೋಲುತ್ತವೆ ಅಂತ ಮೊದಲು ತೋರಿಸಿದವರು ಅವರೇ. ಅವರು ಅಲ್ಲಿಂದ ಬಂದು ನಮ್ಮ ಕಲ್ಲು ನೋಡಿದರು. ನಾವು ಇಲ್ಲಿಂದ ಹೋಗಿ ಅವರ ಕಲ್ಲು ನೋಡುತ್ತಿದ್ದೆವು. ಯಾದಗಿರಿ ಜಿಲ್ಲೆಯ ವಿಭೂತಿಹಳ್ಳಿಯ ಕಲ್ಲುಸಾಲು ನಾವು ಮೂವರೂ ಆವರೆಗೆ ನೋಡಿರಲಿಲ್ಲ. ನನಗೆ ಬಹಳ ಬೇಜಾರಾಯಿತು.

ಸ್ಕಾಟ್ಲೆಂಡ್‌ನಲ್ಲಿ ಮೂರು ದಿನ. ಲೋಮಂಡ್ ಕೆರೆಯ ದಂಡೆಯಿಂದ ಎ82 ರಸ್ತೆ ಹಿಡಿದು ಗ್ಲೆನ್‌ಕೋ ಕಣಿವೆಗೆ ಹೋಗುವ ದಾರಿ ಇದೆಯಲ್ಲ, ಅಷ್ಟು ಒಳ್ಳೇ ದಾರಿ ನಾನು ಬೇರೆ ನೋಡಿಲ್ಲ. ಮೊದಲು ರಾನ್ನೋಕ್ ಬಯಲು: ಮರ ಇಲ್ಲ, ಮನೆ ಇಲ್ಲ, ಕಂದು ಹುಲ್ಲು, ಕಪ್ಪು ನೀರಿನ ಹೊಂಡ. ಆಮೇಲೆ ಒಮ್ಮೆಲೇ ಎರಡೂ ಕಡೆ ಬೆಟ್ಟ ಎದ್ದು ನಿಲ್ಲುತ್ತವೆ. 40 ಕೋಟಿ ವರ್ಷಕ್ಕೂ ಹಳೇ ಜ್ವಾಲಾಮುಖಿಯ ಉಳಿಕೆ ಅವು. ಮಳೆ ಬಂದಾಗ ಕಪ್ಪು ಬಂಡೆಯ ಮೇಲೆ ಎಲ್ಲಿ ನೋಡಿದರೂ ಬಿಳಿ ನೀರಿನ ಗೆರೆ. ಮಳೆ ಬಂತು ಅಂತ ರೂಮಿನಲ್ಲಿ ಕೂರಬೇಡಿ. ಗ್ಲೆನ್‌ಕೋ ಮಳೆಯಲ್ಲೇ ನೋಡಬೇಕು. 1692ರಲ್ಲಿ ಇದೇ ಕಣಿವೆಯ ಮನೆಗಳಲ್ಲಿ ಉಂಡು ಮಲಗಿದ್ದ ಸೈನಿಕರು ಬೆಳಗಾಗುವ ಮುಂಚೆ ಎದ್ದು ಮನೆಯವರನ್ನೇ ಕೊಂದರು. ಈ ಕಥೆ ಕೇಳಿದ ಮೇಲೆ ಅಪ್ಪ ಬಹಳ ಹೊತ್ತು ಕಿಟಕಿ ಕಡೆಯೇ ನೋಡುತ್ತಿದ್ದರು. "ಉಂಡ ಮನಿ ಅಲ್ಲೇನು" ಅಂದರು, ಅಷ್ಟೇ.

ಎಟಿವ್ ಕಣಿವೆಯ ರಸ್ತೆಯಲ್ಲಿ ನಮ್ಮದೊಂದು ತಪ್ಪು ಆಯಿತು. ಒಂದೇ ಕಾರು ಹಿಡಿಸುವ ರಸ್ತೆ. ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಇರುತ್ತದೆ. ಜಿಂಕೆ ಕಂಡಿತು ಅಂತ ತಮ್ಮ ಅಲ್ಲಿ ಕಾರು ನಿಲ್ಲಿಸಿದ, ಫೋಟೋ ತೆಗೆಯಲು ಎಲ್ಲರೂ ಇಳಿದೆವು. ಹಿಂದೆ ಒಬ್ಬ ರೈತರ ಟ್ರ್ಯಾಕ್ಟರ್, ಎದುರಿಗೆ ವ್ಯಾನು, ಇಬ್ಬರೂ ಸಿಕ್ಕಿಹಾಕಿಕೊಂಡರು. ರೈತರು ಇಳಿದು ಬಂದು, ಇದು ನಿಲ್ಲಿಸುವ ಜಾಗ ಅಲ್ಲ, ಆಂಬುಲೆನ್ಸ್ ಬಂದರೆ ಏನು ಮಾಡ್ತೀರಿ ಅಂದರು. ಅವರು ಹೇಳಿದ್ದು ಸರಿ. ದಯವಿಟ್ಟು ನೀವು ಹೀಗೆ ಮಾಡಬೇಡಿ. ಇನ್ನೊಂದು: ಅಲ್ಲಿ ಗಾಳಿ ನಿಂತ ಸಂಜೆ ನೊರಜು ಮುತ್ತುತ್ತವೆ, ಕಣ್ಣು ಕಿವಿ ಬಿಡುವುದಿಲ್ಲ. ಬಲೆಯ ಟೋಪಿ ತಗೊಂಡು ಹೋಗಿ. ಸ್ಕೈ ದ್ವೀಪಕ್ಕೆ ಹೋಗಲಿಲ್ಲ. ಅಪ್ಪನಿಗೆ ಅಷ್ಟು ದೂರ ಕೂರುವುದು ಆಗುತ್ತಿರಲಿಲ್ಲ.

ಮರಳಿ ಬರುವಾಗ ಪೂರ್ವದ ಕರಾವಳಿಯ ಲಿಂಡಿಸ್‌ಫಾರ್ನ್ ದ್ವೀಪ. ದಿನಕ್ಕೆ ಎರಡು ಸಲ ಸಮುದ್ರ ಉಕ್ಕಿ ರಸ್ತೆ ಮುಳುಗುತ್ತದೆ. ದಾಟುವ ಹೊತ್ತು ಬರೆದ ಪಟ್ಟಿ ನೋಡಿಕೊಂಡೇ ಹೋಗಬೇಕು. ತಪ್ಪಿ ಸಿಕ್ಕಿಬಿದ್ದವರು ಹತ್ತಿ ಕೂರಲು ದಾರಿ ಮಧ್ಯೆ ಕಂಬದ ಮೇಲೆ ಅಟ್ಟಣಿಗೆ ಕಟ್ಟಿದ್ದಾರೆ. ದ್ವೀಪದಲ್ಲಿ ಕೆಂಪು ಮರಳುಗಲ್ಲಿನ ಹಳೇ ಮಠ. ಉಪ್ಪುಗಾಳಿಗೆ ಕಲ್ಲು ಸವೆದು ಜೇನುಗೂಡಿನ ಹಾಗೆ ಆಗಿದೆ. ಅಪ್ಪ ಆ ತೂತುಗಳಲ್ಲಿ ಬೆರಳಿಟ್ಟು ಆಳ ನೋಡಿದರು.

ಕೊನೆಗೆ ವೇಲ್ಸ್. ಗಡಿ ದಾಟಿದ ಕೂಡಲೇ ಫಲಕಗಳಲ್ಲಿ ಎರಡು ಭಾಷೆ. ರಸ್ತೆಯ ಮೇಲೆ ದೊಡ್ಡದಾಗಿ "ಅರಾವ್" ಅಂತ ಬರೆದಿರುತ್ತಾರೆ, ನಿಧಾನ ಅಂತ ಅರ್ಥ. ಹಳ್ಳಿ ಹಳ್ಳಿಯ ತಿರುವಿನಲ್ಲೂ ಅವರ ಭಾಷೆ ಟಾರಿನ ಮೇಲೆ ಇದೆ. ಕನ್ನಡದವಳಾಗಿ ನನಗೆ ಅದು ಎಷ್ಟು ಖುಷಿ ಕೊಟ್ಟಿತು ಅಂತ ಹೇಳಲಾರೆ. ಊರೊಳಗೆ ವೇಗ ಸಾಮಾನ್ಯವಾಗಿ 20 ಮೈಲಿ, 2023ರಿಂದ. ಜಾಸ್ತಿ ಹೋದರೆ ದಂಡ.

ಬ್ಲೈನೈ ಫೆಸ್ಟಿನಿಯೋಗ್ ಅನ್ನುವ ಊರು ನೋಡಿ ನಾವು ಮೂವರೂ ಬೆರಗಾದೆವು. ಊರಿನ ಮೂರೂ ಕಡೆ ಒಡೆದ ಸ್ಲೇಟಿನ ಗುಡ್ಡ. ಗಣಿಯಿಂದ ಹೊರಗೆ ಸುರಿದ ಚೂರು, ನೂರಾರು ವರ್ಷದ್ದು, ಮನೆಯ ಹಿತ್ತಲಿನವರೆಗೂ ಬಂದಿದೆ. ಸುತ್ತಲಿನ ಬೆಟ್ಟಗಳನ್ನು 1951ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಈ ಊರನ್ನು ಮಾತ್ರ ಹೊರಗೆ ಬಿಟ್ಟರು. ನಕ್ಷೆಯಲ್ಲಿ ಉದ್ಯಾನದ ನಡುವೆ ತೂತು ಇದ್ದ ಹಾಗೆ ಕಾಣುತ್ತದೆ. 2021ರಲ್ಲಿ ಇದೇ ಸ್ಲೇಟ್ ಸೀಮೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಳೆ ನಿಂತು ಬಿಸಿಲು ಬಿದ್ದಾಗ ಆ ಚೂರಿನ ಗುಡ್ಡ ನೇರಳೆ ನೀಲಿಯಾಗಿ ಹೊಳೆಯಿತು. ಹೆಂಚಿಗೆ ಬಳಸುವ ಸ್ಲೇಟಿಗೆ ಅಳತೆಯ ಮೇಲೆ ಹೆಸರಿಟ್ಟಿದ್ದಾರೆ: ರಾಣಿ, ಡಚೆಸ್, ಕೌಂಟೆಸ್, ಲೇಡಿ. "ನಾವು ಎರಡು ಫೂಟು, ಒಂದೂವರೆ ಫೂಟು ಅಂತೀವಿ. ಹೆಸರು ಇಡಬೇಕಿತ್ತು ನೋಡು" ಅಂದರು ಅಪ್ಪ.

ಶಹಾಬಾದ್ ಸುತ್ತಲೂ ಹೀಗೇ ಇದೆ. ಒಡೆದ ಪರ್ಸಿಯ ಗುಡ್ಡಗಳು, ನೀರು ನಿಂತ ಹಳೇ ಖಣಿಗಳು. ಚಿಕ್ಕವಳಿದ್ದಾಗ ನಾವು ಅದರ ಮೇಲೇ ಆಡುತ್ತಿದ್ದೆವು. ಮನೆಗೆ ನೆಂಟರು ಬಂದರೆ ಮಾತ್ರ ಆ ಕಡೆ ಕರೆದುಕೊಂಡು ಹೋಗುತ್ತಿರಲಿಲ್ಲ. ಬ್ಲೈನೈಯಲ್ಲಿ ಜನ ಟಿಕೆಟ್ ಕೊಟ್ಟು ಗಣಿ ನೋಡುತ್ತಿದ್ದರು. ನಾನು ಆ ಗುಡ್ಡದ ಬುಡದಲ್ಲಿ ನಿಂತು ಊರನ್ನೇ ನೆನೆಸಿಕೊಂಡೆ.

ತಿರುಗಿ ಬಂದು ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಅಪ್ಪನೇ ಎಬ್ಬಿಸಿದರು. "ವಿಭೂತಿಹಳ್ಳಿಗೆ ಹೋಗೋಣು" ಅಂದರು. ಜೇವರ್ಗಿ ಮೇಲೆ ಶಹಾಪುರಕ್ಕೆ ಎರಡು ಗಂಟೆ. ದಾರಿಯುದ್ದಕ್ಕೂ ತೊಗರಿ ಹೊಲ, ಭೀಮಾ ಸೇತುವೆ. ಶಹಾಪುರ ಹತ್ತಿರ ಬಂದಾಗ ಬೆಟ್ಟದ ಸಾಲಲ್ಲಿ ಮಲಗಿದ ಬುದ್ಧ. ಅಲ್ಲಿಂದ ಸ್ವಲ್ಪವೇ ಮುಂದೆ ಬಯಲು. ಬಯಲಿನಲ್ಲಿ ದುಂಡು ಕಲ್ಲುಗಳು, ಯಾರೋ ದಾರ ಹಿಡಿದು ಅಳತೆ ಹಾಕಿ ಇಟ್ಟ ಹಾಗೆ ಸಾಲು ಸಾಲು. ನಮ್ಮನ್ನು ಬಿಟ್ಟರೆ ಅಲ್ಲಿದ್ದದ್ದು ಆಡು ಕಾಯುವ ಹುಡುಗ ಒಬ್ಬನೇ.

ಅಪ್ಪ ಮೊದಲನೇ ಕಲ್ಲಿನ ಪಕ್ಕ ಕೂತರು. ಉಂಗುರದಿಂದ ಟಕ್ ಟಕ್ ಅಂತ ಬಡಿದರು. ಎದ್ದು ಎರಡನೇದಕ್ಕೆ ಹೋದರು. ಹುಡುಗ ಹತ್ತಿರ ಬಂದು, "ಏನ್ ನೋಡ್ತೀರಿ ಮುತ್ಯಾ?" ಅಂದ. ಅಪ್ಪ ಅವನ ಕೈ ಹಿಡಿದು ಕಲ್ಲಿನ ಮೇಲಿಟ್ಟರು. "ಕಿವಿ ಇಡು" ಅಂದು ಮತ್ತೆ ಬಡಿದರು.